ಸೇಂಟ್ ಲೂಯಿಸ್‌ನ ಹಳೇ ಕೋರ್ಟು ಕಚೇರಿ ಮತ್ತು ನಮ್ಮ ಹತ್ತಿ



ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಆಡಳಿತ ಮಂಡಳಿಯ ಪ್ರತಿಯೊಬ್ಬ ನಿರ್ದೇಶಕರೂ ಒಂದೊಂದು ಲೇಖನ ಕೊಡತಕ್ಕದ್ದು ಎಂದು ಸಭೆಯಲ್ಲಿ ಠರಾವಾಯಿತು. ಸಂಘ ಬೆಳೆದು ಬಂದ ದಾರಿಯನ್ನು ಕಾರ್ಯದರ್ಶಿಯವರು ಬರೆಯುತ್ತಿದ್ದಾರೆ. ಷೇರು, ಠೇವಣಿ, ಸಾಲ ವಸೂಲಿಯ ವಿವರವನ್ನು ಅಧ್ಯಕ್ಷರು ಕೊಡುತ್ತಾರೆ. "ನೀವು ಅಮೆರಿಕಾಕ್ಕ ಹೋಗಿ ಬಂದೀರಿ, ಅದನ್ನ ಬರೀರಿ" ಎಂದು ನನ್ನ ಪಾಲಿಗೆ ಅದು ಬಂತು. ಅಲ್ಲಿಯ ಎತ್ತರದ ಕಟ್ಟಡ, ಅಗಲವಾದ ರಸ್ತೆ, ದೊಡ್ಡ ಅಂಗಡಿಗಳ ಬಗ್ಗೆ ಹೋಗಿ ಬಂದವರೆಲ್ಲ ಬರೆದಿದ್ದಾರೆ, ಈಗಂತೂ ಎಲ್ಲರ ಮೊಬೈಲಿನಲ್ಲೂ ಅದೇ ಕಾಣುತ್ತದೆ. ನಾನು ಒಂದೇ ಒಂದು ಹಳೆಯ ಕಟ್ಟಡದ ಚರಿತ್ರೆ ಬರೆಯುತ್ತೇನೆ. ಅದು ಕೋರ್ಟು. ಈಗ ವಸ್ತುಸಂಗ್ರಹಾಲಯ. ಅಲ್ಲಿ ನಡೆದ ಒಂದು ಖಟ್ಲೆಗೂ ನಮ್ಮ ಧಾರವಾಡ ಸೀಮೆಯ ಎರಿ ಹೊಲಕ್ಕೂ, ನಮ್ಮಂಥ ಪತ್ತಿನ ಸಂಘಗಳಿಗೂ ದೂರದ ನಂಟು ಇದೆ. ಅದನ್ನು ಮುಂದೆ ಹೇಳುತ್ತೇನೆ.

ನನ್ನ ಚಿಕ್ಕಪ್ಪನ ಮಗ ಅಲ್ಲಿಯ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಎಂಬ ಊರಿನಲ್ಲಿ ನೌಕರಿಯಲ್ಲಿದ್ದಾನೆ. ಮಿಸಿಸಿಪ್ಪಿ ನದಿಯ ದಂಡೆಯ ಊರು. ನದಿ ಎಂದರೆ ನಮ್ಮ ತುಂಗಭದ್ರೆ ಮಳೆಗಾಲದಲ್ಲಿ ತುಂಬಿದಾಗ ಹೇಗೋ ಹಾಗೆ, ಆದರೆ ಬೇಸಿಗೆಯಲ್ಲೂ ಹಾಗೆಯೇ. ದಂಡೆಯ ಮೇಲೆ 630 ಅಡಿ ಎತ್ತರದ ಉಕ್ಕಿನ ಕಮಾನು ಇದೆ, 1965ರಲ್ಲಿ ಕಟ್ಟಿ ಮುಗಿಸಿದ್ದು. ಆ ಊರಿನ ಹೆಸರು ನಮ್ಮ ರೈತರಿಗೆ ಪೂರ್ತಿ ಹೊಸದಲ್ಲ. ಬಿ.ಟಿ. ಹತ್ತಿಯ ತಂತ್ರಜ್ಞಾನ ತಂದ ಮೊನ್ಸಾಂಟೊ ಕಂಪನಿಯ ಮುಖ್ಯ ಕಚೇರಿ ಆ ಊರಿನ ಹೊರವಲಯದಲ್ಲೇ ಇತ್ತು. 2002ರಲ್ಲಿ ನಮ್ಮ ದೇಶದಲ್ಲಿ ಬಿ.ಟಿ. ಹತ್ತಿಗೆ ಪರವಾನಗಿ ಸಿಕ್ಕಿತು, 2018ರಲ್ಲಿ ಆ ಕಂಪನಿಯನ್ನು ಜರ್ಮನಿಯ ಬೇಯರ್ ಕಂಪನಿ ಕೊಂಡುಕೊಂಡಿತು. ಬೀಜದ ಮಾತು ಇನ್ನೊಮ್ಮೆ ಮಾಡೋಣ. ಕಮಾನು ನೋಡಲು ಹೋದವರೆಲ್ಲ ಅದರ ಎದುರಿಗೇ, ಪಡುವಣಕ್ಕೆ ಇರುವ ಹಳೇ ಕೋರ್ಟನ್ನು ಬರೀ ಫೋಟೊದ ಹಿಂದಿನ ಪರದೆ ಮಾಡಿಕೊಂಡು ಹೊರಟುಬಿಡುತ್ತಾರೆ. ಒಳಗೆ ಹೋಗಲು ಒಂದು ಪೈಸೆ ಕೊಡಬೇಕಿಲ್ಲ. ನಾವು ಮುಂಜಾನೆ ಹೊಕ್ಕವರು ಊಟದ ಹೊತ್ತು ಮೀರಿದ ಮೇಲೆ ಹೊರಗೆ ಬಂದೆವು.

ಅಲ್ಲಿ ರಾಜ್ಯದ ಕೆಳಗೆ 'ಕೌಂಟಿ' ಎಂಬ ವಿಭಾಗ ಇರುತ್ತದೆ. ವಿಸ್ತಾರದಲ್ಲಿ ನಮ್ಮ ಒಂದೆರಡು ತಾಲೂಕು ಸೇರಿದಷ್ಟು ಎಂದು ತಿಳಿದುಕೊಳ್ಳಿ, ಅಧಿಕಾರದಲ್ಲಿ ಮಾತ್ರ ಜಿಲ್ಲೆಯ ಹಾಗೆ. ಪ್ರತಿ ಕೌಂಟಿಗೂ ಒಂದು ಕೋರ್ಟು ಕಚೇರಿ. ಅಲ್ಲಿ ನ್ಯಾಯ ಮಾತ್ರ ನಡೆಯುತ್ತಿರಲಿಲ್ಲ, ಜಮೀನಿನ ನೋಂದಣಿ, ಮೃತ್ಯುಪತ್ರ, ಸತ್ತವರ ಆಸ್ತಿಯ ವಿಲೇವಾರಿ, ಪರವಾನಗಿ ಎಲ್ಲವೂ ಅಲ್ಲೇ. ನಮ್ಮಲ್ಲಿ ಮುಲ್ಕಿ ಕಚೇರಿ, ಸಬ್ ರಜಿಸ್ಟ್ರಾರ್ ಕಚೇರಿ, ಮುನಸೀಫ್ ಕೋರ್ಟು ಮೂರೂ ಒಂದೇ ಸೂರಿನಡಿ ಇದ್ದಂತೆ.

ಜಾಗ ದಾನದ್ದು. 1816ರಲ್ಲಿ ಅಗಸ್ಟ್ ಶೂಟೊ ಮತ್ತು ಜಾನ್ ಲೂಕಾಸ್ ಎಂಬ ಇಬ್ಬರು ಜಮೀನುದಾರರು, ಇದನ್ನು ಎಂದೆಂದಿಗೂ ಕೋರ್ಟಿಗಾಗಿಯೇ ಬಳಸಬೇಕು ಎಂಬ ಷರತ್ತು ಹಾಕಿ ಕೊಟ್ಟರು. 1828ರ ಹೊತ್ತಿಗೆ ಇಟ್ಟಂಗಿಯ ಒಂದು ಕೋರ್ಟು ಎದ್ದಿತು. ಊರು ಬೆಳೆಯಿತು, ಕೋರ್ಟು ಸಾಲದಾಯಿತು. 1839ರಲ್ಲಿ ಈಗಿನ ದೊಡ್ಡ ಕಟ್ಟಡ ಶುರುವಾಗಿ, ಒಂದೊಂದೇ ರೆಕ್ಕೆ ಸೇರಿಸುತ್ತ, ಹಳೆಯ ಇಟ್ಟಂಗಿ ಕಟ್ಟಡವನ್ನು ಕೆಡವಿ ಅಲ್ಲೂ ಹೊಸದು ಕಟ್ಟಿ, ಕಡೆಗೆ 1862ರಲ್ಲಿ ಮೇಲಿನ ಗುಮ್ಮಟ ಮುಗಿಯಿತು. ಇಪ್ಪತ್ಮೂರು ವರ್ಷ! ನಮ್ಮ ಗೋಡಾವ್ನ್ ಕಟ್ಟಲು ಮೂರು ವರ್ಷ ಆಯಿತೆಂದು ಸರ್ವಸಾಧಾರಣ ಸಭೆಯಲ್ಲಿ ಗದ್ದಲ ಮಾಡಿದವರು ಇದನ್ನು ಗಮನಿಸಬೇಕು. ಗುಮ್ಮಟಕ್ಕೆ ಕಲ್ಲು ಬಳಸದೆ ಕಬ್ಬಿಣದ ಪಕ್ಕೆಲುಬು ಕೊಟ್ಟಿದ್ದಾರೆ, ವಿಲಿಯಂ ರಂಬೋಲ್ಡ್ ಎಂಬ ವಾಸ್ತುಶಿಲ್ಪಿಯ ಯೋಜನೆ. ನಡುವಿನ ದುಂಡನೆಯ ಅಂಗಳದಲ್ಲಿ ನಿಂತು ತಲೆ ಎತ್ತಿದರೆ ಸುತ್ತಲೂ ಮಾಳಿಗೆಯ ಮೇಲೆ ಮಾಳಿಗೆ, ಕಟಾಂಜನ, ಮೇಲೆ ಕಾರ್ಲ್ ವಿಮಾರ್ ಎಂಬ ಕಲಾವಿದ ಬರೆದ ಚಿತ್ರಗಳು. ಕತ್ತು ನೋಯುವ ತನಕ ನೋಡಬಹುದು.

ಆದರೆ ನನಗೆ ಒಳಗಿನ ಗುಮ್ಮಟಕ್ಕಿಂತ ಹೊರಗಿನ ಮೆಟ್ಟಿಲುಗಳೇ ಹೆಚ್ಚು ಮನಸ್ಸಿನಲ್ಲಿ ನಿಂತವು.

ಮಿಸೌರಿ ಗುಲಾಮಗಿರಿ ಇದ್ದ ರಾಜ್ಯ. ಆಫ್ರಿಕಾ ಮೂಲದ ಕಪ್ಪು ಜನ ಅಲ್ಲಿ ಕಾನೂನಿನ ಪ್ರಕಾರವೇ ಒಡೆಯನ ಆಸ್ತಿ. ಒಡೆಯ ಸತ್ತರೆ, ಅಥವಾ ಸಾಲ ತೀರಿಸದೆ ಹೋದರೆ, ಕೋರ್ಟು ಏನು ಮಾಡುತ್ತಿತ್ತು? ಸಾಲಗಾರನ ಆಸ್ತಿಯನ್ನು ಲಿಲಾವು ಮಾಡುತ್ತಿತ್ತು. ಹೊಲ, ಮನೆ, ಕುದುರೆ, ಕುರ್ಚಿ, ಮೇಜು, ಅದೇ ಪಟ್ಟಿಯಲ್ಲಿ ಮನುಷ್ಯರು. ಆ ಲಿಲಾವು ನಡೆಯುತ್ತಿದ್ದುದು ಇದೇ ಕೋರ್ಟಿನ ಮೆಟ್ಟಿಲ ಮೇಲೆ. ತಾಯಿಯನ್ನು ಒಬ್ಬ, ಮಗುವನ್ನು ಇನ್ನೊಬ್ಬ ಕೂಗಿಕೊಂಡು ಹೋಗಬಹುದಿತ್ತು. ನಾವು ಜಪ್ತಿ, ಲಿಲಾವು ಎಂಬ ಶಬ್ದಗಳನ್ನು ದಿನಾ ಬಳಸುವವರು. ವಸೂಲಿ ಸಭೆಯಲ್ಲಿ ಎತ್ತು, ಚಕ್ಕಡಿ, ಟ್ರ್ಯಾಕ್ಟರ್ ಟ್ರೇಲರ್ ಎಂದು ಬರೆದ ಪಟ್ಟಿಗೆ ನಾನೂ ಸಹಿ ಹಾಕಿದ್ದೇನೆ. ಅಂಥದೇ ಒಂದು ಪಟ್ಟಿಯಲ್ಲಿ ಹೆಸರು, ವಯಸ್ಸು, ಕಿಮ್ಮತ್ತು ಹಾಕಿ ಮನುಷ್ಯರನ್ನು ಬರೆದಿರುತ್ತಿದ್ದರು ಎಂದರೆ, ಅದು ಪುಸ್ತಕದಲ್ಲಿ ಓದಿದಂತೆ ಅನಿಸುವುದಿಲ್ಲ. ಬರೆದವನು ರಾಕ್ಷಸನೇನೂ ಅಲ್ಲ, ಒಬ್ಬ ಗುಮಾಸ್ತ. ಅಕ್ಷರ ದುಂಡಗೆ, ಮೊತ್ತ ಸರಿಯಾಗಿ ಕೂಡಿಸಿ ಬರೆಯುವುದು ಅವನ ಕೆಲಸ.

ವಿಚಿತ್ರವೆಂದರೆ, ಹೊರಗೆ ಮನುಷ್ಯರನ್ನು ಮಾರುತ್ತಿದ್ದ ಅದೇ ಕೋರ್ಟಿನ ಒಳಗೆ ಅದೇ ಮನುಷ್ಯರು ಒಡೆಯನ ಮೇಲೆ ದಾವೆ ಹಾಕಬಹುದಿತ್ತು. ತನ್ನನ್ನು ಅನ್ಯಾಯವಾಗಿ ಗುಲಾಮಗಿರಿಯಲ್ಲಿ ಇಟ್ಟಿದ್ದಾರೆ ಎಂದು ಯಾರೇ ಅರ್ಜಿ ಕೊಟ್ಟರೂ, ಬಡವನೆಂದು ಕೋರ್ಟೇ ವಕೀಲನನ್ನು ಕೊಡಲು ಕಾನೂನಿನಲ್ಲಿ ದಾರಿ ಇತ್ತು. 1824ರಲ್ಲಿ ಮಿಸೌರಿಯ ಶ್ರೇಷ್ಠ ನ್ಯಾಯಾಲಯ ವಿನ್ನಿ ಎಂಬ ಹೆಣ್ಣುಮಗಳ ಖಟ್ಲೆಯಲ್ಲಿ ಒಂದು ತೀರ್ಪು ಕೊಟ್ಟಿತ್ತು. ಗುಲಾಮಗಿರಿ ಇಲ್ಲದ ಪ್ರಾಂತಕ್ಕೆ ಒಡೆಯನೇ ಕರೆದುಕೊಂಡು ಹೋಗಿ ವಾಸಕ್ಕೆ ಇಟ್ಟರೆ ಆ ಗುಲಾಮ ಸ್ವತಂತ್ರ, ಮತ್ತೆ ಮಿಸೌರಿಗೆ ಬಂದ ಮಾತ್ರಕ್ಕೆ ತಿರುಗಿ ಗುಲಾಮನಾಗುವುದಿಲ್ಲ ಎಂದು. ನದಿಯ ಆಚೆ ದಂಡೆ ಇಲಿನಾಯ್ ರಾಜ್ಯ, ಅಲ್ಲಿ ಗುಲಾಮಗಿರಿ ನಿಷಿದ್ಧ. ಆಚೆ ದಂಡೆಗೆ ಒಂದು ಕಾನೂನು, ಈಚೆ ದಂಡೆಗೆ ಇನ್ನೊಂದು. ಹೀಗೆ ಬಿಡುಗಡೆ ಕೇಳಿದ 300ಕ್ಕೂ ಹೆಚ್ಚು ದಾವೆಗಳ ಕಾಗದಗಳು ಸೇಂಟ್ ಲೂಯಿಸ್ ಕೋರ್ಟಿನ ಹಳೆಯ ದಫ್ತರಗಳಲ್ಲಿ ಸಿಕ್ಕಿವೆ. ಲೂಸಿ ಎಂಬ ಹುಡುಗಿ ತನ್ನ ದಾವೆ ಮುಗಿಯುವ ತನಕ 17 ತಿಂಗಳು ಜೈಲಿನಲ್ಲಿ ಕಳೆದಳು. ತಪ್ಪು ಮಾಡಿದ್ದಕ್ಕಲ್ಲ, ಓಡಿಹೋಗಬಾರದು ಎಂದು. 1844ರಲ್ಲಿ ಆಕೆ ಗೆದ್ದಳು. ಆಗ ಆಕೆಗೆ ಹೆಚ್ಚೆಂದರೆ ಹದಿನಾಲ್ಕು ಹದಿನೈದು ವರ್ಷ. ಆಕೆಯ ಪರ ವಾದಿಸಿದ ಎಡ್ವರ್ಡ್ ಬೇಟ್ಸ್ ಮುಂದೆ ಲಿಂಕನ್ನರ ಸರಕಾರದಲ್ಲಿ ಅಟಾರ್ನಿ ಜನರಲ್ ಆದರು.

ಈ ಕೋರ್ಟಿಗೆ ಜಗತ್ತಿನ ಹೆಸರು ತಂದುಕೊಟ್ಟದ್ದು ಡ್ರೆಡ್ ಸ್ಕಾಟ್ ಮತ್ತು ಆತನ ಹೆಂಡತಿ ಹ್ಯಾರಿಯಟ್ ಅವರ ದಾವೆ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಡ್ರೆಡ್ ಸ್ಕಾಟ್ ಹುಟ್ಟಿದ್ದು ವರ್ಜೀನಿಯಾದಲ್ಲಿ, 1799ರ ಸುಮಾರಿಗೆ. ಮೊದಲ ಒಡೆಯರು ಬ್ಲೋ ಎಂಬ ಮನೆತನದವರು. ಅವರು 1830ರಲ್ಲಿ ಸೇಂಟ್ ಲೂಯಿಸ್‌ಗೆ ಬಂದರು, ಆಮೇಲೆ ಈತನನ್ನು ಡಾ. ಎಮರ್ಸನ್ ಎಂಬ ಸೈನ್ಯದ ವೈದ್ಯನಿಗೆ ಮಾರಿದರು. ವೈದ್ಯನಿಗೆ ವರ್ಗ ಆದಂತೆಲ್ಲ ಸ್ಕಾಟನೂ ಜೊತೆಗೆ ಹೋಗಬೇಕಾಯಿತು. ಇಲಿನಾಯ್‌ಗೆ, ಅಲ್ಲಿಂದ ಇನ್ನೂ ಬಡಗಣದ ಸ್ನೆಲಿಂಗ್ ಎಂಬ ಕೋಟೆಗೆ. ಎರಡೂ ಗುಲಾಮಗಿರಿ ಇಲ್ಲದ ನೆಲ. ಆ ಕೋಟೆಯಲ್ಲೇ ಹ್ಯಾರಿಯಟ್‌ಳ ಜೊತೆ ಮದುವೆ. ಇಬ್ಬರು ಹೆಣ್ಣುಮಕ್ಕಳು, ಎಲೈಜಾ ಮತ್ತು ಲಿಜ್ಜಿ. 1843ರಲ್ಲಿ ವೈದ್ಯ ತೀರಿಕೊಂಡ. ವಿಧವೆ ಐರೀನ್ ಎಮರ್ಸನ್ ಸೇಂಟ್ ಲೂಯಿಸ್‌ನಲ್ಲಿ ಸ್ಕಾಟ್ ದಂಪತಿಯನ್ನು ಬೇರೆಯವರ ಮನೆಗೆ ಕೆಲಸಕ್ಕೆ ಕಳಿಸಿ ಕೂಲಿಯನ್ನು ತಾನು ತೆಗೆದುಕೊಳ್ಳುತ್ತಿದ್ದಳು. ಹೆಣ್ಣುಮಕ್ಕಳು ಬೆಳೆಯುತ್ತಿದ್ದರು. ನಾಳೆ ಆ ಮೆಟ್ಟಿಲ ಮೇಲೆ ಅವರನ್ನು ನಿಲ್ಲಿಸಿದರೆ? ತಂದೆತಾಯಿಗೆ ಅದಕ್ಕಿಂತ ದೊಡ್ಡ ಅಂಜಿಕೆ ಬೇರೇನಿದ್ದೀತು?

1846ರ ಏಪ್ರಿಲ್ 6ರಂದು ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಅರ್ಜಿ ಹಾಕಿದರು. ಓದು ಬರಹ ಬಾರದವರು. ಸಹಿಯ ಜಾಗದಲ್ಲಿ ಒಂದು ಅಡ್ಡಗೀಟು, ಗುಣಾಕಾರದ ಚಿಹ್ನೆ ಇದ್ದಂತೆ. ಪಕ್ಕದಲ್ಲಿ ಇದು ಇಂಥವನ ಗುರುತು ಎಂದು ಗುಮಾಸ್ತನ ಬರಹ. ನಮ್ಮ ಸಾಲದ ಅರ್ಜಿಗಳ ಮೇಲೆ ಹೆಬ್ಬೆಟ್ಟಿನ ಪಕ್ಕ ಕಾರ್ಯದರ್ಶಿ ಬರೆಯುವುದೂ ಹೀಗೇ ಅಲ್ಲವೇ? ನಾನು ಬಹಳ ಹೊತ್ತು ನಿಂತಿದ್ದು ಆ ಗೀಟಿನ ಬಗ್ಗೆ ಓದುವಾಗಲೇ. ಹೆಬ್ಬೆಟ್ಟು ಒತ್ತಿ ಸಾಲದಲ್ಲಿ ಸಿಕ್ಕಿಕೊಂಡವರನ್ನು ಎಷ್ಟೋ ಜನರನ್ನು ಕಂಡಿದ್ದೇವೆ. ಇಲ್ಲಿ ಒಂದು ಗೀಟು ಎಳೆದು ಹೊರಗೆ ಬರಲು ಹೊರಟ ಇಬ್ಬರಿದ್ದರು.

ಕಾನೂನು ಅವರ ಕಡೆಗೇ ಇತ್ತು, ಸುಲಭದ ಖಟ್ಲೆ ಎಂದೇ ವಕೀಲರು ತಿಳಿದಿದ್ದರು. 1847ರ ಜೂನ್ 30ರಂದು ಇದೇ ಕಟ್ಟಡದ ಪಡುವಣ ರೆಕ್ಕೆಯಲ್ಲಿ ವಿಚಾರಣೆ ನಡೆಯಿತು. ಸ್ಕಾಟ್ ಸೋತ. ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ತಾನು ಈಗ ಶ್ರೀಮತಿ ಎಮರ್ಸನ್ನಳ ಗುಲಾಮನಾಗಿದ್ದೇನೆ ಎಂದು ಮೊದಲು ಆತ ಸಾಬೀತು ಮಾಡಬೇಕಿತ್ತು. ಆಕೆಯಿಂದ ಸ್ಕಾಟ್ ದಂಪತಿಯನ್ನು ಬಾಡಿಗೆಗೆ ಪಡೆದಿದ್ದ ಒಬ್ಬಾತ ಸಾಕ್ಷಿಗೆ ಬಂದು, "ಮಾತುಕತೆ ಎಲ್ಲ ನನ್ನ ಹೆಂಡತಿ ಮಾಡಿದ್ದು, ನಾನು ಹಣ ಕೊಟ್ಟೆ ಅಷ್ಟೆ" ಎಂಬ ಅರ್ಥದಲ್ಲಿ ಹೇಳಿದ. ಅದು ಕೇಳಿದ ಮಾತಾಯಿತು, ಕಂಡ ಮಾತಾಗಲಿಲ್ಲ. ಆದಕಾರಣ ಆತ ಯಾರ ಗುಲಾಮ ಎಂಬುದು ರುಜುವಾತಾಗಲಿಲ್ಲ. ರುಜುವಾತಾಗದ್ದರಿಂದ ದಾವೆ ಬಿತ್ತು. ದಾವೆ ಬಿದ್ದದ್ದರಿಂದ ಆತ ಆಕೆಯ ಗುಲಾಮನಾಗಿಯೇ ಉಳಿದ!

ಮರುವಿಚಾರಣೆಗೆ ಒಪ್ಪಿಗೆ ಸಿಕ್ಕಿತು, ಆದರೆ ತಾರೀಖು ಸಿಗಬೇಕಲ್ಲ. 1849ರಲ್ಲಿ ಊರಿಗೆ ಮೊದಲು ದೊಡ್ಡ ಬೆಂಕಿ ಬಿತ್ತು, ಅದೇ ವರ್ಷ ಕಾಲರಾ ಬೇನೆ ಬಂದು ಸಾವಿರಾರು ಜನ ಸತ್ತರು. ಕಡೆಗೆ 1850ರ ಜನವರಿಯಲ್ಲಿ ವಿಚಾರಣೆ ಬಂತು. ಈ ಸಲ ಆ ಸಾಕ್ಷಿಯ ಹೆಂಡತಿಯ ಹೇಳಿಕೆಯೂ ಇತ್ತು. ನ್ಯಾಯಾಧೀಶ ಅಲೆಕ್ಸಾಂಡರ್ ಹ್ಯಾಮಿಲ್ಟನ್. ಪಂಚರೆಲ್ಲ ಬಿಳಿಯರೇ. ಗುಲಾಮಗಿರಿ ಇದ್ದ ರಾಜ್ಯದ ಬಿಳಿಯ ಪಂಚರು ಕೂತು, ಈ ಕುಟುಂಬ ಸ್ವತಂತ್ರ ಎಂದು ಹೇಳಿದರು. ಅಮೆರಿಕದ ಚರಿತ್ರೆಯಲ್ಲಿ ಈ ಕುಟುಂಬ ಸೋತ ಮಾತೇ ದೊಡ್ಡದಾಗಿ ಬರುತ್ತದೆ, ಆದರೆ ಊರಿನ ಕೋರ್ಟಿನಲ್ಲಿ ಊರಿನ ಜನರ ಎದುರು ಅವರು ಗೆದ್ದಿದ್ದರು ಎಂಬುದನ್ನು ಮರೆಯಬಾರದು.

ಶ್ರೀಮತಿ ಎಮರ್ಸನ್ ಮೇಲಿನ ಕೋರ್ಟಿಗೆ ಹೋದಳು. 1852ರಲ್ಲಿ ಮಿಸೌರಿಯ ಶ್ರೇಷ್ಠ ನ್ಯಾಯಾಲಯದ ಮೂವರಲ್ಲಿ ಇಬ್ಬರು, ಕಾಲ ಮೊದಲಿನಂತಿಲ್ಲ ಎಂದು, ಇಪ್ಪತ್ತೆಂಟು ವರ್ಷ ನಡೆದುಬಂದ ತಮ್ಮದೇ ನಿಯಮವನ್ನು ತೆಗೆದುಹಾಕಿದರು. ಕಾನೂನಿನ ಪುಸ್ತಕ ಅದೇ, ನೆಲ ಅದೇ, ಜನ ಅವರೇ. ಬದಲಾದದ್ದು ರಾಜಕೀಯದ ಗಾಳಿ. ಗುಲಾಮಗಿರಿ ಬೇಕೆನ್ನುವ ರಾಜ್ಯಗಳಿಗೂ ಬೇಡವೆನ್ನುವ ರಾಜ್ಯಗಳಿಗೂ ಜಗಳ ಏರುತ್ತಿದ್ದ ಕಾಲ ಅದು. ಅಲ್ಲಿಂದ ದಾವೆ ಕೇಂದ್ರದ ಕೋರ್ಟಿಗೆ ಹೋಯಿತು. ಈಗ ಎದುರಾಳಿ ಶ್ರೀಮತಿ ಎಮರ್ಸನ್ನಳ ಅಣ್ಣ, ನ್ಯೂಯಾರ್ಕಿನಲ್ಲಿದ್ದ ಜಾನ್ ಸ್ಯಾನ್‌ಫೋರ್ಡ್. 1857ರ ಮಾರ್ಚ್ 6ರಂದು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು 7 ಜನ ಒಂದು ಕಡೆ, 2 ಜನ ಒಂದು ಕಡೆಯಾಗಿ ತೀರ್ಪು ಕೊಟ್ಟಿತು. ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ ಬರೆದ ಆ ತೀರ್ಪಿನ ತಿರುಳು ಇಷ್ಟು: ಕಪ್ಪು ಜನ, ಗುಲಾಮರಿರಲಿ ಸ್ವತಂತ್ರರಿರಲಿ, ಈ ದೇಶದ ನಾಗರಿಕರಲ್ಲ, ಆದ್ದರಿಂದ ದಾವೆ ಹೂಡುವ ಹಕ್ಕೇ ಅವರಿಗಿಲ್ಲ. ಅಷ್ಟೇ ಅಲ್ಲ, ಹೊಸ ಪ್ರಾಂತಗಳಲ್ಲಿ ಗುಲಾಮಗಿರಿ ಬೇಡ ಎನ್ನಲು ಅಲ್ಲಿಯ ಸಂಸತ್ತಿಗೂ ಅಧಿಕಾರವಿಲ್ಲ. ಹನ್ನೊಂದು ವರ್ಷ ಕೋರ್ಟಿಗೆ ಅಲೆದ ಮೇಲೆ, ನೀನು ಕೋರ್ಟಿಗೆ ಬರಬಾರದಿತ್ತು ಎಂದಂತಾಯಿತು.

ಈ ಹನ್ನೊಂದು ವರ್ಷ ಖರ್ಚು ಕೊಟ್ಟವರು ಯಾರು ಎಂದು ನೀವು ಕೇಳಬಹುದು. ನಾನೂ ಮೊದಲು ಅದನ್ನೇ ಹುಡುಕಿದೆ. ಮೊದಲು ಮಾರಿದ್ದರಲ್ಲ, ಆ ಬ್ಲೋ ಮನೆತನದ ಮಕ್ಕಳು. ಸ್ಕಾಟನ ಕಣ್ಣ ಮುಂದೆ ಬೆಳೆದವರು. ಅಪ್ಪ ಮಾಡಿದ ವ್ಯವಹಾರವನ್ನು ಮಕ್ಕಳು ಕೈಯಿಂದ ಖರ್ಚು ಮಾಡಿ ಬಿಡಿಸಲು ನೋಡಿದರು. ಇನ್ನೊಂದು ಸಂಗತಿ ಇದೆ, ಲೆಕ್ಕ ಪತ್ರ ನೋಡುವವರಿಗೆ ಇದು ಹೊಳೆಯುತ್ತದೆ. ದಾವೆ ನಡೆಯುವಾಗ ಕುಟುಂಬವನ್ನು ಶೆರೀಫ್ ಎಂಬ ಅಧಿಕಾರಿಯ ವಶಕ್ಕೆ ಕೊಟ್ಟಿದ್ದರು. ಆತ ಅವರನ್ನು ದುಡಿಯಲು ಕಳಿಸಿ, ಬಂದ ಕೂಲಿಯನ್ನು ಅಮಾನತ್ತು ಇಟ್ಟುಕೊಳ್ಳಬೇಕು. ಗೆದ್ದರೆ ಸ್ಕಾಟ್ ಕುಟುಂಬಕ್ಕೆ, ಸೋತರೆ ಒಡತಿಗೆ. ಸುಪ್ರೀಂ ಕೋರ್ಟಿನಲ್ಲಿ ಸೋತರು. ವರ್ಷಾನುಗಟ್ಟಲೆ ನೀರು ಹೊತ್ತು, ಬಟ್ಟೆ ಒಗೆದು ದುಡಿದ ಆ ಹಣ ಪೂರ್ತಿ ಒಡತಿಯ ಪಾಲಾಯಿತು. ತೀರ್ಪಿನ ಬಗ್ಗೆ ದೊಡ್ಡ ದೊಡ್ಡ ಗ್ರಂಥಗಳಿವೆ. ನನಗೆ ಆ ಕೂಲಿಯ ಖಾತೆ ಮರೆಯಲಾಗುತ್ತಿಲ್ಲ.

ಅಷ್ಟು ಹೊತ್ತಿಗೆ ಒಡತಿ ಮರುಮದುವೆಯಾಗಿದ್ದಳು. ಹೊಸ ಗಂಡ ಚಾಫಿ ಎಂಬಾತ ಮ್ಯಾಸಚೂಸೆಟ್ಸ್ ರಾಜ್ಯದಿಂದ ಸಂಸತ್ತಿಗೆ ಆರಿಸಿಬಂದವನು, ಗುಲಾಮಗಿರಿಯ ವಿರೋಧಿ! ದೇಶಕ್ಕೇ ಗೊತ್ತಾದ ಆ ಗುಲಾಮ ತನ್ನ ಹೆಂಡತಿಯದೇ ಆಸ್ತಿ ಎಂದು ಪತ್ರಿಕೆಗಳಲ್ಲಿ ಬಂದಾಗ ಆತನಿಗೆ ಮುಖ ತೋರಿಸಲಾಗದಂತಾಯಿತು. ಮಿಸೌರಿಯ ನಿವಾಸಿ ಮಾತ್ರ ಅಲ್ಲಿ ಗುಲಾಮನನ್ನು ಬಿಡುಗಡೆ ಮಾಡಬಹುದಿತ್ತಾದ್ದರಿಂದ ಸ್ಕಾಟ್ ಕುಟುಂಬವನ್ನು ಟೇಲರ್ ಬ್ಲೋ ಹೆಸರಿಗೆ ಬರೆದುಕೊಟ್ಟರು. 1857ರ ಮೇ 26ರಂದು ಟೇಲರ್ ಬ್ಲೋ ಇದೇ ಸೇಂಟ್ ಲೂಯಿಸ್ ಕೋರ್ಟಿಗೆ ಬಂದು, ಅದೇ ನ್ಯಾಯಾಧೀಶ ಹ್ಯಾಮಿಲ್ಟನ್ ಎದುರಿಗೆ ಬಿಡುಗಡೆ ಪತ್ರ ಬರೆದುಕೊಟ್ಟ. ಸುಪ್ರೀಂ ಕೋರ್ಟು ಕೊಡದ್ದನ್ನು ಒಂದು ಕಾಗದ ಕೊಟ್ಟಿತು. ಬಿಡುಗಡೆಯಾದ ಮೇಲೂ ಊರಲ್ಲಿ ಇರಬೇಕಾದರೆ ಕಪ್ಪು ಜನ ಕೋರ್ಟಿನಿಂದ ಪರವಾನಗಿ ತೆಗೆದುಕೊಳ್ಳಬೇಕು, ಅದಕ್ಕೆ ಜಾಮೀನು ಬೇಕು. ಅದಕ್ಕೂ ಟೇಲರ್ ಬ್ಲೋನೇ ಜಾಮೀನುದಾರನಾದ. ಜಾಮೀನು ಬೀಳಲು ಎರಡು ಸಲ ವಿಚಾರ ಮಾಡುವ ನಮ್ಮ ಊರಿನವರಿಗೆ ಇದರ ತೂಕ ಬೇರೆ ಹೇಳಬೇಕಾಗಿಲ್ಲ. ಸ್ಕಾಟ್ ಒಂದು ಹೋಟೆಲಿನಲ್ಲಿ ಹಮಾಲನ ಕೆಲಸ ಮಾಡಿದ, ಹ್ಯಾರಿಯಟ್ ಬಟ್ಟೆ ಒಗೆಯುವ ಕೆಲಸ ಮಾಡಿದಳು. 1858ರ ಸೆಪ್ಟೆಂಬರ್ 17ರಂದು ಆತ ಕ್ಷಯರೋಗದಿಂದ ತೀರಿಕೊಂಡ. ಸ್ವತಂತ್ರನಾಗಿ ಬದುಕಿದ್ದು ಹದಿನಾರು ತಿಂಗಳಿಗೂ ಕಡಿಮೆ.

ಆ ತೀರ್ಪಿನಿಂದ ದೇಶ ಇನ್ನಷ್ಟು ಬಿರುಕು ಬಿಟ್ಟಿತು. 1860ರಲ್ಲಿ ಲಿಂಕನ್ ಆರಿಸಿ ಬಂದರು, 1861ರಲ್ಲಿ ಉತ್ತರ ದಕ್ಷಿಣ ರಾಜ್ಯಗಳ ನಡುವೆ ಯುದ್ಧ ಹತ್ತಿತು, 1865ರಲ್ಲಿ ಮುಗಿಯಿತು. ಅದೇ ವರ್ಷ ಗುಲಾಮಗಿರಿ ಕಾನೂನಿನಿಂದ ಹೋಯಿತು. 1868ರಲ್ಲಿ ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿ, ಆ ನೆಲದಲ್ಲಿ ಹುಟ್ಟಿದವರೆಲ್ಲ ನಾಗರಿಕರು ಎಂದು ಬರೆದು, ಟೇನಿಯವರ ತೀರ್ಪನ್ನು ಅಳಿಸಿತು. ಮಹಾರಾಷ್ಟ್ರದ ಜ್ಯೋತಿಬಾ ಫುಲೆಯವರು 1873ರಲ್ಲಿ ತಮ್ಮ 'ಗುಲಾಮಗಿರಿ' ಪುಸ್ತಕವನ್ನು, ಗುಲಾಮರ ಬಿಡುಗಡೆಗಾಗಿ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು ಎಂಬುದನ್ನು ಇಲ್ಲಿ ನೆನೆಯಬೇಕು. ನಮ್ಮಲ್ಲಿ ಜೀತ ಪದ್ಧತಿ ಕಾನೂನಿನಿಂದ ಹೋಗಿದ್ದು ಅದಕ್ಕೂ ನೂರು ವರ್ಷದ ಮೇಲೆ, 1976ರ ಕಾಯ್ದೆಯಿಂದ. ಅಪ್ಪ ಮಾಡಿದ ಸಾಲಕ್ಕೆ ಮಗ ದನ ಕಾಯುವುದನ್ನು ಕಂಡ ಹಿರಿಯರು ನಮ್ಮ ಸಂಘದಲ್ಲೇ ಇದ್ದಾರೆ. ಅಮೆರಿಕದವರನ್ನು ಬಯ್ಯುವ ಮುಂಚೆ ಅವರನ್ನು ಕೇಳಿ ನೋಡಿರಿ.

ಈಗ ನಮ್ಮ ಹತ್ತಿಗೆ ಬರುತ್ತೇನೆ. ಇಂಗ್ಲೆಂಡಿನ ಗಿರಣಿಗಳಿಗೆ ಯುದ್ಧದ ಮೊದಲು ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ್ದು, ಅದೂ ಗುಲಾಮರು ಬಿಡಿಸಿದ್ದು. ಅಮೆರಿಕವನ್ನೇ ನಂಬಿ ಕೂಡಬಾರದೆಂದು ಈಸ್ಟ್ ಇಂಡಿಯಾ ಕಂಪನಿಯವರು 1840ರ ದಶಕದಲ್ಲೇ ಅಲ್ಲಿಯ ಅನುಭವಸ್ಥ ಬೆಳೆಗಾರರನ್ನು ಕರೆಸಿ ಅಲ್ಲಿಯ ಬೀಜ ತಂದು ಹಿಂದೂಸ್ತಾನದ ಹಲವು ಕಡೆ ಹಾಕಿಸಿದ್ದರು. ಹೆಚ್ಚಿನ ಕಡೆ ಕೈಗೆ ಹತ್ತಲಿಲ್ಲ. ಹತ್ತಿದ್ದು ನಮ್ಮ ಧಾರವಾಡ ಜಿಲ್ಲೆಯ ಎರಿ ಭೂಮಿಯಲ್ಲಿ. 'ಧಾರವಾಡ ಅಮೆರಿಕನ್' ಎಂದೇ ಅದಕ್ಕೆ ಪೇಟೆಯಲ್ಲಿ ಹೆಸರಾಯಿತು. ಮೇಲೆ ಹೇಳಿದ ಯುದ್ಧ ಶುರುವಾಗಿ ಅಮೆರಿಕದ ದಕ್ಷಿಣದ ಬಂದರುಗಳು ಬಂದಾದಾಗ ಮುಂಬಯಿ ಪೇಟೆಯಲ್ಲಿ ಹತ್ತಿಯ ದರ ಹಲವು ಪಟ್ಟು ಏರಿತು. ಧಾರವಾಡದ ಹತ್ತಿಯನ್ನು ಬೇಗ ಸಮುದ್ರಕ್ಕೆ ಮುಟ್ಟಿಸಬೇಕೆಂದು ಕಾರವಾರ ಬಂದರು ಬೆಳೆಸುವ ಯೋಚನೆ ಬಲವಾಗಿ, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಆ ಜಿಲ್ಲೆ ನಮ್ಮ ಪಕ್ಕಕ್ಕೆ ಬಂದದ್ದೂ ಒಂದು ಲೆಕ್ಕದಲ್ಲಿ ಹತ್ತಿಯ ದೆಸೆಯಿಂದ.

ದರ ಏರಿದಾಗ ಸಾವಕಾರರು ಕರೆದು ಕರೆದು ಸಾಲ ಕೊಟ್ಟರು. 1865ರಲ್ಲಿ ಯುದ್ಧ ನಿಂತಿತು, ದರ ಕುಸಿಯಿತು. ಸಾಲ ಕುಸಿಯಲಿಲ್ಲ, ಬಡ್ಡಿ ಬೆಳೆಯಿತು. ಮುಂಬಯಿ ಪ್ರಾಂತದ ಪುಣೆ, ಅಹಮದನಗರ ಜಿಲ್ಲೆಗಳಲ್ಲಿ ರೈತರು ರೋಸಿಹೋಗಿ 1875ರ ಮೇ ತಿಂಗಳಲ್ಲಿ ಸುಪೆ ಎಂಬ ಊರಿನಿಂದ ಶುರುಮಾಡಿ ಸಾವಕಾರರ ಮನೆ ಹೊಕ್ಕು ಸಾಲಪತ್ರ, ಖಾತೆ ಕಿರ್ದಿಗಳನ್ನು ಸುಟ್ಟರು. ಹೆಚ್ಚಾಗಿ ಜೀವಕ್ಕೆ ಕೈ ಹಾಕಲಿಲ್ಲ, ಕಾಗದಕ್ಕೆ ಕೈ ಹಾಕಿದರು. ಕಾಗದದಲ್ಲೇ ತಾವು ಬಂಧಿಯಾಗಿದ್ದೇವೆ ಎಂಬುದು ಅಕ್ಷರ ಬಾರದ ಅವರಿಗೂ ಗೊತ್ತಿತ್ತು. ಸರಕಾರ ವಿಚಾರಣಾ ಸಮಿತಿ ಮಾಡಿತು, 1879ರಲ್ಲಿ ದಖನ್ ರೈತರ ಪರಿಹಾರ ಕಾಯ್ದೆ ತಂದಿತು. ಕಾಯ್ದೆ ಬಂದರೂ ಬಿತ್ತನೆಗೆ ರೊಕ್ಕ ಬೇಕಲ್ಲ, ಅದನ್ನು ಕೊಡುವವರು ಯಾರು? ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹುಡುಕುತ್ತ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಆಯಿತು. ಮರುವರ್ಷ, 1905ರಲ್ಲಿ ಗದುಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ನಮ್ಮ ನಾಡಿನ ಮೊದಲ ಪತ್ತಿನ ಸಂಘ ಕಟ್ಟಿದರು. ಅಲ್ಲಿಂದ ಇಲ್ಲಿಯವರೆಗಿನ ದಾರಿ ನಿಮಗೆಲ್ಲ ತಿಳಿದದ್ದೇ. ಸೇಂಟ್ ಲೂಯಿಸ್‌ನ ಖಟ್ಲೆಯಿಂದಲೇ ಕಣಗಿನಹಾಳದ ಸಂಘ ಹುಟ್ಟಿತು ಎಂದು ನಾನು ಹೇಳುತ್ತಿಲ್ಲ, ನಡುವೆ ಬರಗಾಲ, ಕಂದಾಯ ಎಷ್ಟೋ ಕಾರಣಗಳಿವೆ. ಆದರೆ ಆ ಖಟ್ಲೆ ಉರಿಸಿದ ಜಗಳ, ಜಗಳದಿಂದ ಯುದ್ಧ, ಯುದ್ಧದಿಂದ ಹತ್ತಿಯ ದರ, ದರದಿಂದ ಸಾಲ ಹೀಗೆ ಒಂದಕ್ಕೊಂದು ಎಳೆ ಹಿಡಿದು ಬಂದದ್ದಂತೂ ನಿಜ.

ಮತ್ತೆ ಕೋರ್ಟಿನ ಒಳಗೆ ಹೋಗೋಣ. ಹೆಣ್ಣುಮಕ್ಕಳು ಓದಬೇಕಾದ ಇನ್ನೊಂದು ಖಟ್ಲೆ ಅಲ್ಲಿದೆ. 1872ರಲ್ಲಿ ವರ್ಜೀನಿಯಾ ಮೈನರ್ ಎಂಬಾಕೆ ಮತದಾರರ ಪಟ್ಟಿಗೆ ಹೆಸರು ಹಚ್ಚಲು ಹೋದಳು. ಹೆಣ್ಣು ಎಂದು ಅಧಿಕಾರಿ ಹಚ್ಚಿಕೊಳ್ಳಲಿಲ್ಲ. ನಾನು ನಾಗರಿಕಳು, ನನಗೇಕೆ ಮತವಿಲ್ಲ ಎಂದು ದಾವೆ. ಮದುವೆಯಾದ ಹೆಂಗಸು ತಾನೊಬ್ಬಳೇ ದಾವೆ ಹಾಕುವಂತಿರಲಿಲ್ಲವಾದ್ದರಿಂದ ವಕೀಲನಾಗಿದ್ದ ಗಂಡನೂ ಜೊತೆಗೆ ಹಾಕಬೇಕಾಯಿತು. ಇಲ್ಲಿ ಸೋತರು, 1875ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತರು. ಇಡೀ ದೇಶದ ಹೆಂಗಸರಿಗೆ ಅಲ್ಲಿ ಮತದಾನದ ಹಕ್ಕು ಬಂದದ್ದು 1920ರಲ್ಲಿ.

1876ರಲ್ಲಿ ಜನ ಮತ ಹಾಕಿ ನಗರವನ್ನು ಕೌಂಟಿಯಿಂದ ಬೇರೆ ಮಾಡಿದರು. ಅಣ್ಣತಮ್ಮಂದಿರು ಪಾಲಾದ ಹಾಗೆ. ಕಟ್ಟಡ ನಗರದ ಪಾಲಿಗೆ ಬಂತು. 1930ರಲ್ಲಿ ಕೋರ್ಟು ಹೊಸ ಕಟ್ಟಡಕ್ಕೆ ಹೋಯಿತು. ಹೋದದ್ದೇ ತಡ, 1816ರಲ್ಲಿ ಜಾಗ ಕೊಟ್ಟವರ ವಾರಸುದಾರರು, ಷರತ್ತು ಮುರಿಯಿತು, ಜಾಗ ನಮಗೆ ತಿರುಗಿ ಕೊಡಿ ಎಂದು ದಾವೆ ಹೂಡಿದರು! ಶಾಲೆಗೆಂದು ಅಜ್ಜ ಕೊಟ್ಟ ಜಾಗವನ್ನು ಮೊಮ್ಮಗ ಕೇಳುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ. ವಾರಸುದಾರರು ಸೋತರು. 1940ರಲ್ಲಿ ನಗರದವರು ಕಟ್ಟಡವನ್ನು ಕೇಂದ್ರ ಸರಕಾರಕ್ಕೆ ಬಿಟ್ಟುಕೊಟ್ಟರು. ಈಗ ಕಮಾನು, ಕೋರ್ಟು ಎರಡೂ ಒಂದೇ ರಾಷ್ಟ್ರೀಯ ಉದ್ಯಾನಕ್ಕೆ ಸೇರಿವೆ. ಹಲವು ವರ್ಷ ದುರಸ್ತಿಗೆಂದು ಬಾಗಿಲು ಹ��ಕಿ, 2025ರ ಮೇ ತಿಂಗಳಲ್ಲಿ ಮತ್ತೆ ತೆರೆದರು. ಕಾಲು ನೋವಿದ್ದವರಿಗೆ ಲಿಫ್ಟ್ ಹಾಕಿದ್ದಾರೆ. ಸ್ಕಾಟ್ ದಂಪತಿಗಾಗಿಯೇ ಒಂದು ವಿಭಾಗ ಇದೆ, ಹಳೆಯ ಕಾಲದಂತೆ ಸಜ್ಜುಮಾಡಿದ ನ್ಯಾಯಾಲಯದ ಕೋಣೆ ಇದೆ. ಆದರೆ ಸ್ಕಾಟನ ವಿಚಾರಣೆ ನಡೆದ ಕೋಣೆಯೇ ಅದಲ್ಲ. ಆ ಕೋಣೆಯನ್ನು ಆಗಿನ ಕಾಲದಲ್ಲೇ ಒಡೆದು ಬೇರೆ ರೀತಿ ಮಾಡಿಬಿಟ್ಟಿದ್ದರು. ಅದನ್ನು ಮುಚ್ಚಿಡದೆ ಹಾಗೆಯೇ ಹೇಳುವುದು ನನಗೆ ಹಿಡಿಸಿತು. ಲಿಲಾವಿನ ಸಂಗತಿಯನ್ನೂ ಅವರು ಮರೆಮಾಚಿಲ್ಲ. ಶಾಲೆಯ ಮಕ್ಕಳಿಗೆ ಅದನ್ನು ತಿಳಿಸಿ ಹೇಳುತ್ತಾರೆ.

ಕಟ್ಟಡದ ಹೊರಗೆ 2012ರಲ್ಲಿ ನಿಲ್ಲಿಸಿದ ಡ್ರೆಡ್ ಮತ್ತು ಹ್ಯಾರಿಯಟ್ ಸ್ಕಾಟರ ಕಂಚಿನ ಮೂರ್ತಿ ಇದೆ. ಗಂಡ ಹೆಂಡತಿ ಒಟ್ಟಿಗೆ ನಿಂತದ್ದು. ಅವರ ಸಮಾಧಿಗಳು ಮಾತ್ರ ಬೇರೆ ಬೇರೆ ಕಡೆ ಇವೆ. ಆತನದು ಕ್ಯಾಲ್ವರಿ ಎಂಬ ಸ್ಮಶಾನದಲ್ಲಿ. ಮೊದಲು ಬೇರೆ ಕಡೆ ಹೂಳಿದ್ದನ್ನು 1867ರಲ್ಲಿ ಟೇಲರ್ ಬ್ಲೋ ಅಲ್ಲಿಗೆ ತಂದ. 1957ರ ತನಕ ಮೇಲೊಂದು ಹೆಸರಿನ ಕಲ್ಲೂ ಇರಲಿಲ್ಲ, 2023ರಲ್ಲಿ ದೊಡ್ಡ ಸ್ಮಾರಕ ಎದ್ದಿತು. ಬಂದವರು ಲಿಂಕನ್ನರ ಚಿತ್ರವಿರುವ ಒಂದು ಸೆಂಟಿನ ನಾಣ್ಯ ಇಟ್ಟು ಹೋಗುವ ರೂಢಿ ಇದೆ. ನಾವೂ ಇಟ್ಟು ಬಂದೆವು. ಹ್ಯಾರಿಯಟ್ 1876ರ ತನಕ ಬದುಕಿದ್ದಳು, ಗುಲಾಮಗಿರಿ ಹೋದದ್ದನ್ನು ಕಣ್ಣಾರೆ ಕಂಡಳು. ಆಕೆಯ ಸಮಾಧಿ ಗ್ರೀನ್‌ವುಡ್ ಎಂಬ ಬೇರೆ ಸ್ಮಶಾನದಲ್ಲಿದೆ. ಅಷ್ಟು ಹೊತ್ತಿಗೆ ಸಂಜೆಯಾಗಿತ್ತು, ಅಲ್ಲಿಗೆ ಹೋಗಲು ನಮಗೆ ಆಗಲಿಲ್ಲ.